ಹೊರಡೋ ಹಾಡಿಲ್ಲದ ಪ್ಲೇಟು

೧೯೫೩ರಲ್ಲಿ, ಅರಸೀಕೆರೆಯ ಮಿಡ್ಲ್ ಸ್ಕೂಲಿನಲ್ಲಿ, ಏಳನೆಯ ಕ್ಲಾಸಿಗೆ ನಾನು ಓದು ನಿಲ್ಲಿಸಿದೆ. ಫೇಲಾಗಿ ಬಿಟ್ಟದ್ದಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಸ್ಟೇಷನ್ ಹತ್ತಿರದ ರೇಡಿಯೊ ರಿಪೇರಿ ಅಂಗಡಿಯಲ್ಲಿ ಕೂರಲು ಜಾಗ ಸಿಕ್ಕಿತು, ಕೂತವನು ಏಳಲಿಲ್ಲ. ವಾಲ್ವು ಬದಲಾಯಿಸುವುದು, ಬೆಸುಗೆ ಹಾಕುವುದು, ಕಂಬ ಹತ್ತಿ ಲೌಡ್‌ಸ್ಪೀಕರಿನ ಹಾರ್ನು ಕಟ್ಟುವುದು, ಎಲ್ಲವನ್ನೂ ಮಾಡುತ್ತ ಮಾಡುತ್ತಲೇ ಕಲಿತೆ. ಅರವತ್ತರ ದಶಕದಲ್ಲಿ ಹಳೇಬೀಡಿನ ಟೆಂಟು ಸಿನಿಮಾದಲ್ಲಿ ಕೆಲಸಕ್ಕೆ ಸೇರಿದೆ. ಆಂಪ್ಲಿಫೈಯರ್ ನೋಡಿಕೊಳ್ಳಬೇಕು, ಸಂಜೆ ಆಟಕ್ಕೆ ಮೊದಲು ರೆಕಾರ್ಡು ಹಾಕಬೇಕು.

ರೆಕಾರ್ಡು ಹಾಕುವುದೇನು ಮಹಾ ಕೆಲಸ ಎನ್ನುವವರಿದ್ದರು. ಆಗಿನ ಪ್ಲೇಟಿನಲ್ಲಿ ಒಂದು ಕಡೆಗೆ ಒಂದೇ ಹಾಡು. ಮೂರು ನಿಮಿಷಕ್ಕೆ ಮುಗಿಯುತ್ತಿತ್ತು. ಮುಳ್ಳು ಎತ್ತಬೇಕು, ಪ್ಲೇಟು ಬದಲಿಸಬೇಕು, ಅಷ್ಟರಲ್ಲೇ ಮುಂದಿನದು ಯಾವುದೆಂದು ತಲೆಯಲ್ಲಿರಬೇಕು. ನಮ್ಮ ಕಡೆ ಒಬ್ಬ ಸಿನಿಮಾ ಗಾಯಕನೆಂದರೆ ಜನ ಪ್ರಾಣ ಬಿಡುತ್ತಿದ್ದರು. ನಾನು ಹಾಕುತ್ತಿದ್ದದ್ದು ಬಹುಪಾಲು ಅವನ ಹಾಡುಗಳನ್ನೇ.

ಆ ಹಾಡುಗಳಿಗೆ ನಾನು ಒಂದು ಸಾಲು ಕಟ್ಟಿದ್ದೆ. ಮೊದಲು ಕುಣಿಯುವ ಹಾಡು. ಇವತ್ತು ಆಟ ಉಂಟು ಎಂದು ಊರಿಗೆಲ್ಲ ಗೊತ್ತಾಗಲಿ ಅಂತ. ಆಮೇಲೆ ಗಂಡು ಹೆಣ್ಣು ಸೇರಿ ಹಾಡಿದ ಒಂದೆರಡು. ಅಷ್ಟರಲ್ಲಿ ಮನೆಗಳಲ್ಲಿ ಮುದ್ದೆ ಇಳಿಸಿ ಉಂಡಿರುತ್ತಿದ್ದರು. ಆಮೇಲೆ ನಿಧಾನದ ಒಂದು ಹಾಡು. ಅದನ್ನು ಅರಸೀಕೆರೆಯಲ್ಲಾಗಲಿ ಬೇಲೂರಿನಲ್ಲಾಗಲಿ ಯಾರೂ ಕೇಳಿ ಹಾಕಿಸಿಕೊಂಡವರಲ್ಲ. ನಾನು ಅದನ್ನು ಆರಿಸಿದ್ದಕ್ಕೆ ಕಾರಣ ಒಂದೇ. ಹಾರ್ನಿನಿಂದ ಹೊರಟ ಕುಣಿತದ ಹಾಡು ಊರ ಕೆರೆ ದಾಟುವ ಹೊತ್ತಿಗೆ ಬರೀ ಗದ್ದಲವಾಗುತ್ತದೆ. ಎಳೆದು ಹಾಡಿದ ದನಿ ಮಾತ್ರ ಆಚೆ ದಡದವರೆಗೂ ದನಿಯಾಗಿಯೇ ಹೋಗುತ್ತದೆ. ಆ ಹಾಡು ಬಂದಾಗ ಬಸ್ತಿಹಳ್ಳಿಯವರು, ಅದರಾಚೆಯ ಹಳ್ಳಿಗಳವರು ಚಾಪೆ ಸುತ್ತಿಕೊಂಡು ಹೊರಡುತ್ತಿದ್ದರು. ಕಡೆಯಲ್ಲಿ ದೇವರ ಹಾಡು. ಅದು ಮುಗಿದರೆ ಪರದೆ ಮೇಲೇಳುತ್ತಿತ್ತು. ಇದನ್ನು ನಾನು ಯಾರಿಗೂ ಹೇಳಿಕೊಟ್ಟಿರಲಿಲ್ಲ. ಒಂದೇ ಸಾಲನ್ನು ದಿನಾ ಕೇಳಿ ಕೇಳಿ ಜನ ತಾವೇ ರೂಢಿ ಮಾಡಿಕೊಂಡರು.

ಟೆಂಟಿನ ಸಾಹುಕಾರರು ಬೇಲೂರಿನವರು. ಒಂದು ಶನಿವಾರ ಬಸ್ಸಿಳಿದು ಬಂದವರ ಕಂಕುಳಲ್ಲಿ ದೊಡ್ಡ ಚೌಕದ ರಟ್ಟಿನ ಹೊದಿಕೆಯೊಂದಿತ್ತು. ಅದರೊಳಗೆ ಬೆಂಗಳೂರಿನಿಂದ ತರಿಸಿದ ಎಲ್.ಪಿ. ಪ್ಲೇಟು. ಆ ಗಾಯಕನದೇ ಹನ್ನೆರಡು ಹಾಡು. ಹೊದಿಕೆಯ ಮೇಲೆ ಅವನ ಚಿತ್ರ, ಚಿತ್ರದ ಕೆಳಗೆ ಎಲ್ಲವೂ ಆಯ್ದ ಹಾಡುಗಳೆಂದು ಬರೆದಿತ್ತು.

"ನೋಡಯ್ಯಾ," ಎಂದರು ಸಾಹುಕಾರರು, "ಒಂದ್ಸಲ ಮುಳ್ಳು ಇಟ್ರೆ ಆರು ಹಾಡು. ಗೇಟಿನವನೇ ಇಟ್ಟು ಹೋಗಿ ನಿಂತ್ಕೋಬಹುದು."

"ಹಂಗಾದ್ರೆ ನಾನು?"

"ಇವತ್ತೊಂದು ದಿನ ನೋಡೋಣ. ಸರಿಹೋದ್ರೆ ಸೋಮವಾರದಿಂದ ನೀನು ಬೇರೆ ಕಡೆ ನೋಡ್ಕೋ. ಬೇಜಾರು ಮಾಡ್ಕೋಬೇಡ."

"ಬೇಜಾರೇನೂ ಇಲ್ಲ. ಪ್ಲೇಟು ಹೆಂಗಿದೆ ಅಂತ ನಾನೂ ಕೇಳ್ತೀನಿ," ಎಂದೆ. ಬೇಜಾರಿತ್ತು. ಆದರೆ ಬೇಡಿಕೊಳ್ಳುವ ಅಭ್ಯಾಸ ನನಗೆ ಇಲ್ಲ.

ಸಂಜೆ ಗೇಟಿನವನು ಮುಳ್ಳು ಇಟ್ಟ. ನಾನು ಕಂಬಕ್ಕೆ ಒರಗಿ ಪೂರ್ತಿ ಕೇಳಿದೆ. ಸುಳ್ಳು ಹೇಳಬಾರದು, ದನಿ ಬಹಳ ಚೊಕ್ಕಟ. ನಮ್ಮ ಹಳೆಯ ಪ್ಲೇಟುಗಳ ಹಾಗೆ ಕರಕರ ಇಲ್ಲ. ಒಂದೊಂದು ಹಾಡೂ ಒಳ್ಳೆಯದೇ. ಆದರೆ ಆರಿಸಿದವರು ಹೆಚ್ಚು ಮಾರಾಟವಾದದ್ದನ್ನೆಲ್ಲ ಮೊದಲನೇ ಕಡೆಗೆ ತುಂಬಿದ್ದರು. ಒಂದು ಜೋರು, ಅದರ ಮೇಲೆ ಇನ್ನೊಂದು ಜೋರು. ನಾಲ್ಕನೆಯದು ಬರುವಾಗ ಮೊದಲನೆಯದು ಹೇಗಿತ್ತೆಂದು ನೆನಪಾಗುತ್ತಿರಲಿಲ್ಲ. ಹೆಸರುವಾಸಿ ಹಾಡು ಎದ್ದು ಕಾಣಬೇಕಾದರೆ ಅದರ ಪಕ್ಕದಲ್ಲಿ ಸುಮ್ಮನಿರುವ ಹಾಡೊಂದು ಬೇಕು. ಹಬ್ಬದೂಟದಲ್ಲಿ ಬರೀ ಒಬ್ಬಟ್ಟನ್ನೇ ಬಡಿಸುತ್ತಾರೆಯೇ, ನಡುವೆ ಅನ್ನ ಸಾರು ಬೇಡವೇ? ಒಬ್ಬ ಗಾಯಕನ ಹತ್ತಾರು ವರ್ಷದ ದುಡಿಮೆಯಲ್ಲಿ ಹನ್ನೆರಡನ್ನು ಎತ್ತಿಕೊಳ್ಳುವವನು, ಅದನ್ನು ಯಾರು ಎಲ್ಲಿ ಕೂತು ಕೇಳುತ್ತಾರೆ ಎನ್ನುವುದನ್ನೂ ಯೋಚಿಸಬೇಕು. ಬೆಂಗಳೂರಿನವರಿಗೆ ಹಳೇಬೀಡಿನ ಕೆರೆ ಎಲ್ಲಿ ಗೊತ್ತು? ಅದು ಅವರ ತಪ್ಪೂ ಅಲ್ಲ. ಎರಡನೇ ಕಡೆಯೂ ಮುಗಿಯಿತು. ನನ್ನ ನಿಧಾನದ ಹಾಡು ಅದರಲ್ಲಿರಲಿಲ್ಲ. ದೇವರ ಹಾಡೂ ಇರಲಿಲ್ಲ.

ಹೊತ್ತಿಗೆ ಸರಿಯಾಗಿ ಸಾಹುಕಾರರು ಆಟ ಶುರು ಮಾಡಿಸಿದರು. ನೆಲದ ಕ್ಲಾಸಿನಲ್ಲಿ ಅರ್ಧದಷ್ಟೂ ಜನ ಇರಲಿಲ್ಲ, ಬಂದವರೆಲ್ಲ ಟೆಂಟಿನ ಅಕ್ಕಪಕ್ಕದ ಬೀದಿಯವರು. "ಎಲ್ಲಯ್ಯ ಹೋದ್ರು ಜನ?" ಎಂದು ಸಾಹುಕಾರರು ನನ್ನನ್ನು ಕೇಳಿದರು. ಮೊದಲನೇ ರೀಲು ಮುಗಿಯುವಾಗ ಕೆರೆ ಏರಿಯ ಮೇಲೆ ಲಾಟೀನುಗಳು ಕಾಣಿಸಿದವು. ಬಂದವರು ಒಳಗಿನಿಂದ ಸಿನಿಮಾದ ಮಾತು ಕೇಳಿ ಗೇಟಿನಲ್ಲೇ ನಿಂತುಬಿಟ್ಟರು.

ಎಲ್ಲರಿಗಿಂತ ಮುಂದಿದ್ದ ಬಸ್ತಿಹಳ್ಳಿಯ ಮುದುಕಿ ಚಾಪೆಯನ್ನು ದೊಪ್ಪನೆ ನೆಲಕ್ಕಿಟ್ಟಳು. "ಏನಪ್ಪಾ ಸಾವ್ಕಾರ, ಆಗ್ಲೇ ಸುರು ಮಾಡೀಯಾ? ಹಾಡೇ ಬರ್ನಿಲ್ಲ!"

"ಹನ್ನೆರಡು ಹಾಡು ಹಾಕ್ಸಿದೀನಿ ತಾಯಿ. ಕಿವಿಗೆ ಬೀಳ್ಲಿಲ್ವಾ?"

"ಬಿತ್ತು ಕಣಪ್ಪ. ಗದ್ಲವಾದ್ರೂ ಬೋ ಚೆನ್ನಾಗಿತ್ತು. ಅದ್ಕೇಯ ಜಗಲಿ ಮ್ಯಾಲೆ ಕುಂತು ಕೇಳ್ತಿದ್ವಿ. ಹೊರಡೋ ಹಾಡು ಬರ್ಲಿ, ಎದ್ದೇಳಾನ ಅಂತ. ಹಾಡೇ ನಿಂತೋದ್ವು, ಅದ್ಕೇ ಎದ್ದು ಬಂದ್ವಿ."

"ಹೊರಡೋ ಹಾಡು ಅಂದ್ರೇನಮ್ಮ?"

ಅವಳ ಹಿಂದಿದ್ದ ಗಂಡಸೊಬ್ಬ ನಕ್ಕ. "ಟೆಂಟು ನಿಮ್ದೇ ಅಲ್ವಾ ಸಾವ್ಕಾರ್ರೆ? ಹಳ್ಳಿಗೆಲ್ಲ ಗೊತ್ತೈತೆ, ನಿಮಗೊಬ್ರಿಗೇ ಗೊತ್ತಿಲ್ವಾ? ಸುರುವಿಂದ ಬಿಡ್ಸಿ, ಇಲ್ಲಾಂದ್ರೆ ನಾವು ವಾಪಸ್ಸು ಹೋಯ್ತೀವಿ."

ಗೇಟಿನವನು ನನ್ನ ಕಡೆ ಕೈ ತೋರಿಸಿದ. ಸಾಹುಕಾರರು ನನ್ನ ಮುಖ ನೋಡಿದರು, ಏರಿಯ ಮೇಲೆ ಇನ್ನೂ ಬರುತ್ತಿದ್ದ ಲಾಟೀನುಗಳನ್ನು ನೋಡಿದರು. ಆಮೇಲೆ ಮೊದಲನೇ ರೀಲನ್ನು ಮತ್ತೆ ಬಿಡಿಸಿದರು. ಒಳಗೆ ಕೂತವರು ಮೊದಲು ಕೂಗಾಡಿದರು; ಅದೇ ಹೊಡೆದಾಟ ಎರಡನೇ ಸಲ ಬಂದಾಗ ಇನ್ನೂ ಜೋರಾಗಿ ಸಿಳ್ಳೆ ಹಾಕಿದರು.

ಆಟ ಬಿಟ್ಟ ಮೇಲೆ ಸಾಹುಕಾರರು, "ನಾಳೆ ಮಾಮೂಲಿನಂತೆ ಬಾರಯ್ಯ," ಎಂದರು.

"ಬರ್ತೀನಿ. ಯಾವ ಹಾಡು, ಯಾವಾಗ ಅನ್ನೋದು ನನಗೇ ಬಿಡಬೇಕು."

"ಆಯ್ತು ಮಾರಾಯ, ಬಿಟ್ಟೆ. ಈ ಪ್ಲೇಟನ್ನ ಏನು ಮಾಡೋದು, ಬಿಸಾಕೋದಾ?"

"ಯಾಕೆ? ಚೆನ್ನಾಗೇ ಇದೆ. ಕೊಡಿ."

ಆ ಎಲ್.ಪಿ.ಯಿಂದ ಮೂರು ಹಾಡುಗಳನ್ನು ನನ್ನ ಸಾಲಿಗೆ ಸೇರಿಸಿಕೊಂಡೆ, ಮೊದಲ ಭಾಗಕ್ಕೆ. ಮಿಕ್ಕ ಒಂಬತ್ತನ್ನು ಹಾಗೇ ಬಿಟ್ಟೆ. ಟೆಂಟು ಹಳೇಬೀಡಿನಿಂದ ಏಳುವವರೆಗೆ ಆ ಕೆಲಸ ನನ್ನ ಕೈಯಲ್ಲೇ ಇತ್ತು. ಟೆಂಟು ಎದ್ದ ಮೇಲೆ ಸಾಹುಕಾರರು ಜೊತೆಗೆ ಬಾ ಎಂದು ಕರೆದರು. ನಾನು ಹೋಗಲಿಲ್ಲ. ಹಾಡು ಆರಿಸುವುದು ನನ್ನಿಷ್ಟ ಎಂದಮೇಲೆ ಹಾರ್ನು, ಆಂಪ್ಲಿಫೈಯರಿನ ಸೆಟ್ಟೂ ನನ್ನದೇ ಆಗಿರಲಿ ಅನ್ನಿಸಿ ಅರಸೀಕೆರೆಗೆ ವಾಪಸಾದೆ. ಮದುವೆ, ನಾಮಕರಣ, ಮಾಲೇಕಲ್ಲು ಜಾತ್ರೆಗೆ ಹೋಗುವವರಿಗೆ ನೀರು ಕೊಡುವ ಅರವಟ್ಟಿಗೆ, ಕರೆದ ಕಡೆಗೆಲ್ಲ ಸೈಕಲ್ಲಿನ ಮೇಲೆ ಹಾರ್ನು ಹೇರಿಕೊಂಡು ಹೋದೆ.

ಈಗ ನನಗೆ ಒಂದು ಅಂಗಡಿ, ಎರಡು ಆಂಪ್ಲಿಫೈಯರು, ಆರು ಹಾರ್ನು, ಸುಮಾರು ಇನ್ನೂರು ಪ್ಲೇಟು, ಹೆಂಚಿನದೊಂದು ಮನೆ ಇವೆ; ಹೆಂಡತಿ, ಇಬ್ಬರು ಹೆಣ್ಣುಮಕ್ಕಳು ಇದ್ದಾರೆ.