ರೂಬಿ ಹೊಸ್ತಿಲು ದಾಟದಿದ್ದಕ್ಕೆ ಕಾರಣ

ನಾಲ್ಕು ವರ್ಷದ ಹಿಂದೆ ಇದೇ ಅಂಕಣದಲ್ಲಿ ನಾನೊಂದು ಸುಳ್ಳು ಬರೆದೆ. ಗೊತ್ತಿದ್ದು ಬರೆದದ್ದಲ್ಲ. ಆದರೆ ನೀವು ನಂಬಿದಿರಿ.

ಆಳಂದದ ನಮ್ಮ ಮನೆಯ ಲ್ಯಾಬ್ರಡಾರ್ ರೂಬಿ ನಿಮಗೆ ನೆನಪಿರಬೇಕು. (ಬೀದಿಯಲ್ಲಿ ಸಿಕ್ಕವರು ನನಗಿಂತ ಮೊದಲು ಅವಳನ್ನೇ ವಿಚಾರಿಸುತ್ತಾರೆ.) ದೀಪ ಹಚ್ಚಿದ ಮೇಲೆ ಅವಳು ಹೊಸ್ತಿಲು ದಾಟುವುದಿಲ್ಲ, ಇಂಥ ಸಂಸ್ಕಾರ ನಮ್ಮ ಮಕ್ಕಳಿಗೂ ಇಲ್ಲ ಎಂದು ಕೊಚ್ಚಿಕೊಂಡಿದ್ದೆ. ಮರುವರ್ಷ ರೂಬಿ ಮರಿ ಹಾಕಿದಾಗ ಓದುಗರು ಮನೆಗೇ ಬಂದರು. ಇದ್ದದ್ದು ಎರಡೇ ಮರಿ. ಹೆಣ್ಣು ಕರಜಗಿಗೆ ಹೋಯಿತು, ಗಂಡು ಜೇವರ್ಗಿಗೆ.

ಮೊನ್ನೆ ರೂಬಿ ಹಾಡಹಗಲೇ ಬಾಗಿಲಿಗೆ ಡಿಕ್ಕಿ ಹೊಡೆದಳು. ಗುಲ್ಬರ್ಗಾಕ್ಕೆ ಕರೆದೊಯ್ದೆ. ಡಾಕ್ಟರು ಟಾರ್ಚ್ ಹಾಕಿ ಕಣ್ಣು ನೋಡಿದರು.

"ಇದಕ್ಕ ಕಣ್ಣ ಕಾಣೂದಿಲ್ಲರಿ. ಮೊದಲ ಸಂಜಿಮುಂದ ಕಾಣೂದು ಬಂದ್ ಆಗ್ತದ, ಆಮ್ಯಾಲ ಹಗಲೂ. ಇಷ್ಟು ದಿನ ನಿಮಗ ಗೊತ್ತಾಗಿಲ್ಲೇನು?"

ಗೊತ್ತಾಗಿತ್ತು ಸ್ವಾಮಿ! ನಾನು ಅದಕ್ಕೆ ಸಂಸ್ಕಾರ ಅಂತ ಹೆಸರಿಟ್ಟಿದ್ದೆ.

"ಇದು ರಕ್ತದಾಗ ಬರೋ ಬ್ಯಾನಿ. ಫಾರಿನ್‌ದಾಗ ಈಗ ಕೆಲವು ಜಾತಿ ನಾಯಿಗೆ ರಕ್ತ ಟೆಸ್ಟ್ ಮಾಡಿ, ಯಾವುದರಿಂದ ಮರಿ ತಗೀಬೇಕು, ಯಾವುದು ಬ್ಯಾಡ ಅಂತ ಮೊದಲೇ ನೋಡಾಕತ್ತಾರ. ನಮ್ಮ ಕಡೆ ಅದೆಲ್ಲಿ ಬರಬೇಕು? ಇದರ ಮರಿ ಎಲ್ಲವ?"

ಒಂದು ಕರಜಗಿಯಲ್ಲಿ, ಒಂದು ಜೇವರ್ಗಿಯಲ್ಲಿ ಅಂದೆ. ರೂಬಿಯ ವಂಶಾವಳಿ ಸರ್ಟಿಫಿಕೇಟಿಗೆ ಫ್ರೇಮ್ ಹಾಕಿಸಿ ಇಟ್ಟಿದ್ದೇವೆ. ಅದರಲ್ಲಿ ಅವಳ ಮುತ್ತಜ್ಜನ ಹೆಸರೂ ಇದೆ. ಅವನಿಗೆ ಕಣ್ಣು ಕಾಣುತ್ತಿತ್ತೋ ಇಲ್ಲವೋ, ಅದಿಲ್ಲ.

ಭಾನುವಾರ ಅಫಜಲಪುರದಲ್ಲಿ ಬಸ್ಸು ಬದಲಿಸಿ ಕರಜಗಿಗೆ ಹೋದೆ. ದಾರಿಯುದ್ದಕ್ಕೂ ಹೇಗೆ ಹೇಳಲಿ ಅಂತ ಯೋಚಿಸಿ ಯೋಚಿಸಿ ಸಾಕಾಗಿಹೋಗಿತ್ತು. ಮರಿ ಒಯ್ದಿದ್ದ ಶರಣಪ್ಪ ಮಾಸ್ತರರು ಬಾಗಿಲಲ್ಲೇ ಕೈ ಹಿಡಿದರು.

"ಬರ್ರಿ ಸರ, ಬರ್ರಿ! ನಿಮ್ಮ ರೂಬಿ ಮಗಳು ಎಂಥಾ ಶಾಣ್ಯಾಕಿ ಅಂತೀರಿ! ಹೊತ್ತು ಮುಳುಗಿತಂದ್ರ ಕಟ್ಟಿ ಇಳಿಯೂದಿಲ್ಲ. ನೀವು ಬರದದ್ದು ಖರೇ ಅದರಿ."

ಪಡಸಾಲೆಯಲ್ಲಿ ಬಸವಣ್ಣನ ಫೋಟೋದ ಪಕ್ಕ ನನ್ನ ಅಂಕಣವನ್ನು ಕತ್ತರಿಸಿ ಅಂಟಿಸಿದ್ದರು. ಅದನ್ನು ನೋಡಿ ಎದ್ದು ಓಡಿಹೋಗಬೇಕೆನಿಸಿತು.

ಎಲ್ಲ ಹೇಳಿದೆ. ಅವರು ನಕ್ಕರು. "ಚಾಷ್ಟಿ ಮಾಡಬ್ಯಾಡ್ರಿ ಸರ."

ಅಷ್ಟರಲ್ಲಿ ಸಂಜೆಯಾಗಿತ್ತು. ನಾನು ಸ್ಟೂಲೊಂದನ್ನು ಪಡಸಾಲೆಯ ನಡುವೆ ಇಟ್ಟೆ. "ಈಗ ಕರೀರಿ" ಅಂದೆ. ಮಾಸ್ತರರು ಕರೆದರು. ಅವಳು ಬಾಲ ಆಡಿಸುತ್ತ ಬಂದವಳೇ ಸ್ಟೂಲಿಗೆ ಮೂತಿ ಬಡಿದುಕೊಂಡು ನಿಂತಳು. ಬಾಲ ಮಾತ್ರ ಇನ್ನೂ ಆಡುತ್ತಿತ್ತು.

ಮಾಸ್ತರರು ಬಹಳ ಹೊತ್ತು ಅವಳ ತಲೆ ಸವರಿದರು.

"ಹ್ವಾದ ತಿಂಗಳ ಜೇವರ್ಗಿಗೆ ಒಯ್ದಿದ್ದೆ ಸರ" ಅಂದರು. "ಜಾತಿ ಕೆಡಬಾರದು ಅಂತ ಆಕೀ ಒಡಹುಟ್ಟಿದವನ ಜೋಡೀನೇ ಕ್ರಾಸ್ ಮಾಡಿಸೇನಿ. ಈಗ ಗಬ್ಬ ಅದಾಳ."

(ಜಾತಿ ಕೆಡಬಾರದಂತೆ! ಗೋಡೆಯ ಮೇಲೆ ಬಸವಣ್ಣ ಕೇಳಿಸಿಕೊಳ್ಳುತ್ತಿದ್ದರು.)

ಬೈಯಲು ನನಗೆ ಯಾವ ಮುಖವಿತ್ತು? ಪಾಪ, ಅವರು ನನ್ನನ್ನೇ ಓದಿ ಕೆಟ್ಟವರು.

"ಐದು ಮಂದಿ ಆಗಲೇ ಮರಿ ಹೇಳಿಟ್ಟಾರ. ನಿಮ್ಮ ಬರಹ ತೋರ್ಸಿ, ಅವ್ವನ ಗುಣಾನೇ ಬರ್ತದ ಅಂತ ಹೇಳಿಬಿಟ್ಟೇನಿ. ಈಗ ನಾ ಬ್ಯಾಡಂದ್ರ ಕೇಳೂದಿಲ್ಲ. ನೀವೇ ಬರೀರಿ ಸರ. ನಿಮ್ಮ ಮಾತಾದ್ರ ನಂಬ್ತಾರ."

ಬರೆದಿದ್ದೇನೆ. ಆ ಐವರೇ, ಸುಳ್ಳನ್ನು ಅಷ್ಟು ಬೇಗ ನಂಬಿದಿರಲ್ಲ, ಇದನ್ನೂ ನಂಬುತ್ತೀರಾ?