ಬಂಡೆಯ ಕೆಳಗಿನ ಚಪ್ಪಟೆ ಕಲ್ಲುಗಳು

ನಾನು ಹುಟ್ಟಾ ಪುಕ್ಕಲ. ಆದರೆ ಸಹಿ ಹಾಕುವುದಕ್ಕೂ ಹೆದರುವವನಾಗಿದ್ದು ಒಂದು ಬಂಡೆಯಿಂದ.

ದಿಲ್‌ಸುಖ್‌ನಗರ ದಾಟಿದರೆ ಬರೀ ಬಯಲಿದ್ದ ಕಾಲ. ನಾನು ಕೇಂದ್ರ ಸರ್ಕಾರದ ಕಾರ್ಖಾನೆಯೊಂದರಲ್ಲಿ ನಕ್ಷೆ ಬರೆಯುತ್ತಿದ್ದೆ. ಆ ತೆಲುಗು ಊರಿನಲ್ಲಿ ನೆಲೆಸಿದ್ದ ನಮ್ಮ ಕನ್ನಡದವರೇ ಕೆಲವರು ಗೃಹನಿರ್ಮಾಣ ಸಂಘ ಕಟ್ಟಿಕೊಂಡು, ಯಾರಿಗೂ ಬೇಡವಾದ ಕಲ್ಲುಗುಡ್ಡದ ಜಾಗವೊಂದನ್ನು ಕೊಂಡರು. ಬಡಾವಣೆಯ ನಕ್ಷೆ ನನ್ನ ಪಾಲಿಗೆ ಬಂತು. ನನಗೋ ಭಾರೀ ಹುರುಪು. ಗುಡ್ಡಕ್ಕೆ ಮದ್ದು ಸಿಡಿಸಬಾರದು, ಪಡುವಣದ ದೊಡ್ಡ ಬಂಡೆಯ ನೆರಳು ಮಧ್ಯಾಹ್ನದ ನಂತರ ಮನೆಗಳ ಮೇಲೆ ಬೀಳಬೇಕು, ಮಳೆನೀರು ತಗ್ಗಿನ ಹೊಂಡಕ್ಕೆ ಹರಿದು ಬಾವಿಗಳು ತುಂಬಬೇಕು, ಹೊರಗಿನಿಂದ ಒಂದು ಕಲ್ಲನ್ನೂ ತರಬಾರದು ಎಂದೆಲ್ಲ ಸಭೆಯಲ್ಲಿ ಭಾಷಣ ಬಿಗಿದೆ.

ಸಂಘದ ಅಧ್ಯಕ್ಷರು ಕಲಬುರ್ಗಿಯವರು. ನಿಧಾನಕ್ಕೆ ಕನ್ನಡಕ ಒರೆಸಿಕೊಂಡು, "ಎಲ್ಲಾ ಛಲೋ ಐತಿ. ಆದ್ರ ಆ ಕಲ್ಲು ಉಳ್ಳಿ ಬಂದ್ರ ಯಾರ ಹೊಣಿರೀ?" ಅಂದರು.

"ಎಂದಿನಿಂದಲೋ ಕೂತೈತ್ರಿ. ಈಗ ಎಲ್ಲಿಗೆ ಹೋಗತೈತಿ?" ಅಂದೆ. ಎಲ್ಲರೂ ನಕ್ಕರು.

"ಹಂಗಾರ ನಾಲ್ಕು ಸಾಲು ಬರದು ಸಹಿ ಮಾಡ್ರಿ."

ಜಂಬದಲ್ಲಿ ಬರೆದುಕೊಟ್ಟೆ.

ಬಂಡೆಯ ಬುಡದಲ್ಲಿ ಮೊದಲ ಮನೆ ಕಟ್ಟಿಸಿದವನು ನನ್ನ ಪಕ್ಕದ ಮೇಜಿನ ಗೆಳೆಯ. ಅವನಿಗೆ ಆಗಷ್ಟೇ ಮಗು ಹುಟ್ಟಿತ್ತು. ಮರುವರ್ಷ ಬೇಸಿಗೆಯಲ್ಲಿ ಹೊಂಡದ ಏರಿಗೆ ಕಲ್ಲು ಹೊಂದಿಸುವ ಕೆಲಸ ನಡೆಯಿತು. ಗುಡ್ಡವೆಲ್ಲ ಸುತ್ತಿ, ಬಿಡಿಯಾಗಿ ಬಿದ್ದ ಕಲ್ಲುಗಳಿಗೆ ನಾನೇ ಸುಣ್ಣದ ಗುರುತು ಹಾಕಿದೆ. ಆಳುಗಳು ಹೊತ್ತು ತಂದು ಏರಿ ಮುಗಿಸಿದರು.

ಮೊದಲ ಮಳೆಯ ಮರುದಿನ, ಕಲ್ಲು ಒಡೆಯುವ ಮುದುಕನೊಬ್ಬ ನನ್ನನ್ನು ಬಂಡೆಯ ಹತ್ತಿರ ಕರೆದೊಯ್ದ. ಇಳಿಜಾರಿನ ಕಡೆ, ಬಂಡೆಯ ಅಡಿಯಲ್ಲಿ ನಾಲ್ಕೈದು ಚಪ್ಪಟೆ ಕಲ್ಲುಗಳು ಬೆಣೆಯ ಹಾಗೆ ಕೂತಿದ್ದವಂತೆ, ಈಗ ಎಲ್ಲಿ ಎಂದು ತೆಲುಗಿನಲ್ಲಿ ಕೇಳಿದ. ಬಗ್ಗಿ ನೋಡಿದೆ. ಅಡಿಯಲ್ಲಿ ನನ್ನ ತೋಳು ಪೂರ್ತಿ ಹೋಗುವಷ್ಟು ಸಂದು. ಮಣ್ಣು ಹಸಿಯಾಗಿ ಸಡಿಲವಾಗಿತ್ತು. ಆ ಕಲ್ಲುಗಳಿಗೂ ಗುರುತು ಹಾಕಿದವನು ನಾನೇ.

ಅಂದೇ ಹೇಳಬೇಕಿತ್ತು, ಹೇಳಲಿಲ್ಲ. ಮಾನ ಹೋಗುತ್ತದೆಂಬ ಭಯ ಒಂದು ಕಡೆ, ಬಂಡೆಯ ಭಯ ಇನ್ನೊಂದು ಕಡೆ. ಯಾರಿಗೂ ತಿಳಿಯದಂತೆ ಕಲ್ಲುಗಳನ್ನು ಮರಳಿ ಇಡಿಸೋಣವೆಂದು ಏರಿಗೆ ಹೋದರೆ, ಅವೆಲ್ಲ ನೀರಿನಡಿ ಸೇರಿದ್ದವು. ಕಚೇರಿಯಲ್ಲಿ ಕಿಟಕಿಯಾಚೆ ಮೋಡ ಕಂಡರೆ ಎಳೆಯುತ್ತಿದ್ದ ಗೆರೆ ಬಿಟ್ಟು ಅದನ್ನೇ ನೋಡುತ್ತಿದ್ದೆ. ಪಕ್ಕದಲ್ಲಿ ಗೆಳೆಯ ನಗುತ್ತ ಡಬ್ಬಿ ಬಿಚ್ಚಿದರೆ ನಾನು ನನ್ನ ಡಬ್ಬಿ ಹಿಡಿದು ಹೊರಗೆ ಎದ್ದುಹೋಗುತ್ತಿದ್ದೆ. ಮಳೆ ಮಾತ್ರ ದಿನ ಬಿಡದೆ ಸುರಿಯಿತು.

ಕೊನೆಗೊಂದು ಬೆಳಿಗ್ಗೆ ಕಾರ್ಖಾನೆಗೆ ಹೋಗುವ ಬಸ್ಸು ಬಿಟ್ಟು ಅವನ ಮನೆಗೆ ಹೋದೆ. ಅವನು ಕೆಲಸಕ್ಕೆ ಹೊರಟುಹೋಗಿದ್ದ. ಹೆಂಡತಿ ತೊಟ್ಟಿಲು ತೂಗುತ್ತಿದ್ದಳು. ತೊಟ್ಟಿಲು ಕಟ್ಟಿದ್ದು ಬಂಡೆಯ ಕಡೆಯ ಕೋಣೆಯಲ್ಲಿ, ಅಲ್ಲಿ ತಂಪೆಂದು.

"ಬರ್ರಿ ಅಣ್ಣಾರ, ಕೂಡ್ರಿ. ಮಳಿ ಬಂದ್ರ ನಮ್ಮತ್ತಿ ಭಾಳ ಹೆದರ್ತಾರ್ರಿ. ಅಣ್ಣಾರು ಬರದು ಕೊಟ್ಟಾರ, ಸುಮ್ನ ಮಕ್ಕೋರಿ ಅಂತ ನಾನ ಹೇಳ್ತೀನಿ."

ನಿಂತಲ್ಲೇ ಎಲ್ಲವನ್ನೂ ಹೇಳಿದೆ, ಈಗಲೇ ಮನೆ ಬಿಟ್ಟು ನಮ್ಮಲ್ಲಿಗೆ ಬರಬೇಕೆಂದೆ. ಆಕೆ ತೊಟ್ಟಿಲು ತೂಗುವುದನ್ನು ನಿಲ್ಲಿಸಿದಳು.

"ನಿಮಗ ಗೊತ್ತಾಗಿ ಎಷ್ಟ ದಿನ ಆತ್ರಿ?"

ನಾನು ಅಧ್ಯಕ್ಷರ ಬೈಗುಳಕ್ಕೆ, ಗೆಳೆಯನ ಸಿಟ್ಟಿಗೆ ಉತ್ತರ ಹೊಂದಿಸಿಕೊಂಡು ಹೋಗಿದ್ದೆ. ಇದಕ್ಕೆ ಹೊಂದಿಸಿರಲಿಲ್ಲ.

"ಎಂಟು ದಿನ," ಅಂದೆ.

ಆಕೆ ಕೂಸನ್ನೆತ್ತಿಕೊಂಡು ಒಳಗಿದ್ದ ಅತ್ತೆಯನ್ನು ಕರೆದಳು. ನನ್ನ ಮನೆಗೆ ಬರಲಿಲ್ಲ. ಅತ್ತೆಯ ಕೈ ಹಿಡಿದು ಮಳೆಯಲ್ಲೇ ಬಸ್ ನಿಲ್ದಾಣದ ಕಡೆ ನಡೆದಳು.

ವಿಷಯ ತಿಳಿದು ಆ ವಾರವೇ ಸಂಘದವರು ಬಂಡೆಯಡಿಗೆ ಕಲ್ಲು, ಸಿಮೆಂಟು ತುಂಬಿಸಿದರು. ಬಂಡೆ ಒಂದಿಂಚೂ ಜರುಗಲಿಲ್ಲ. ನಾನು ಹೇಳದಿದ್ದರೂ ಏನೂ ಆಗುತ್ತಿರಲಿಲ್ಲವೇನೋ. ಆದರೆ ಆ ಎಂಟು ದಿನ ಮಗು ಮಲಗಿದ್ದು ಆ ಕೋಣೆಯಲ್ಲೇ, ಮತ್ತು ಅದು ನನಗೆ ಗೊತ್ತಿತ್ತು.