ಹೋರಿಗೆ ದೃಷ್ಟಿ ತೆಗೆದದ್ದು

ನಾವಿರುವ ಓಲ್ಡ್ ಬ್ರಿಡ್ಜ್ ಊರಿನಿಂದ ಬಸ್ಸಿನಲ್ಲಿ ಕರೆತಂದ ಮಗಳು ಮ್ಯಾನ್‌ಹ್ಯಾಟನ್ನಿನ ಮ್ಯೂಸಿಯಂನಲ್ಲಿ ನನ್ನನ್ನು ಒಂದು ಸ್ಪ್ಯಾನಿಷ್ ಚಿತ್ರದ ಮುಂದೆ ನಿಲ್ಲಿಸಿದಳು. ಗೂಳಿ ಕಾಳಗಕ್ಕೆ ಹೊರಟ ಗಂಡ ಕನ್ನಡಿ ನೋಡಿಕೊಳ್ಳುತ್ತಿದ್ದಾನೆ. ಹೆಂಡತಿ ನೆಲದ ಮೇಲೆ ಕೂತು ಅವನ ಜರಿ ಅಂಗಿಗೆ ಗುಂಡಿ ಹೊಲಿಯುತ್ತಿದ್ದಾಳೆ. ಪಕ್ಕದ ಫಲಕದಲ್ಲಿ ಇದು ನೆಮ್ಮದಿಯ ಸಂಸಾರದ ದೃಶ್ಯ ಎಂದು ಬರೆದಿತ್ತು. ನನಗೆ ಮೈಯೆಲ್ಲ ಉರಿಯಿತು. ನೆಮ್ಮದಿಯಂತೆ! ಬರೆದವನು ಆ ಹೆಂಗಸಿನ ಮುಖ ನೋಡಿದ್ದನೇ?

ನಮ್ಮ ಹಾವೇರಿ ಕಡೆ ದೀಪಾವಳಿಗೆ ಹೋರಿ ಬೆದರಿಸುತ್ತಾರೆ. ಓಡುವ ಹೋರಿಯ ಕೊರಳಿನ ಕೊಬ್ಬರಿ ಮಾಲೆ ಕಿತ್ತವನೇ ಗಂಡಸು. ನಮ್ಮ ಮನೆಯ ಹೋರಿಗೆ ಆ ಮಾಲೆ ಪೋಣಿಸುತ್ತಿದ್ದವಳು ಅವ್ವ. ಒಂದು ವರ್ಷ ಅದೇ ಹೋರಿ, ಹಗ್ಗ ಹಿಡಿದು ನಿಂತಿದ್ದ ಅಪ್ಪನ ತೊಡೆಗೇ ತಿವಿಯಿತು. ಅಪ್ಪ ಮತ್ತೆಂದೂ ನೆಟ್ಟಗೆ ನಡೆಯಲಿಲ್ಲ. ಇದನ್ನು ಮಗಳಿಗೆ ಹೇಳಿದೆ.

"ಆ ಬುಲ್‌ನ ಏನು ಮಾಡಿದ್ರು, ಮಾಮ್? ಶೂಟ್ ಮಾಡಿದ್ರಾ?" ಎಂದಳು.

ಶೂಟ್ ಅಂತೆ. ಯಾರದೋ ಕೆಟ್ಟ ಕಣ್ಣು ಬಿದ್ದು ಹೋರಿ ಹೀಗೆ ಮಾಡಿತು ಎಂದ ಅಜ್ಜ. ಅಪ್ಪ ಆಸ್ಪತ್ರೆಯಲ್ಲಿ ನರಳುತ್ತಿದ್ದ ಆ ಸಂಜೆಯೇ ಉಪ್ಪು ಮೆಣಸಿನಕಾಯಿ ನಿವಾಳಿಸಿ ಹೋರಿಗೆ ದೃಷ್ಟಿ ತೆಗೆಸಿದರು. ಅದೂ ಅವ್ವನ ಕೈಯಿಂದಲೇ.